ಮೈಸೂರು ಹೈವೇಯಲ್ಲಿ ರಾಡಾರ್ ಡಿಟೆಕ್ಟರ್ ಕೆಲಸ ಮಾಡುತ್ತಾ?

ಒಂಟಿಕೊಪ್ಪಲ್ ಹುಡುಗ

ಎಲ್ಲರಿಗೂ ನಮಸ್ಕಾರ. ವಾರಾ ವಾರಾ ಮೈಸೂರು-ಬೆಂಗಳೂರು ಓಡಾಡುವವನು ನಾನು. ಸೋಮವಾರ ಬೆಳಗಿನ ಜಾವ ಹೊರಟರೆ ಶುಕ್ರವಾರ ರಾತ್ರಿ ವಾಪಸ್. ಮೊದಲು ರೈಲಿನಲ್ಲಿ ಹೋಗುತ್ತಿದ್ದೆ. ಹೊಸ ಹೈವೇ ಆದಮೇಲೆ ಕಾರೇ ಸುಖ ಅನ್ನಿಸಿತು.

ಈಗ ತಲೆನೋವು ಚಲನ್‌ದು. ಮೊಬೈಲಿಗೆ ಮೆಸೇಜು ಬರುತ್ತದೆ. ತೆಗೆದು ನೋಡಿದರೆ ನನ್ನದೇ ಕಾರಿನ ಮುಖ, ಕೆಳಗೆ ವೇಗ 117, ದಂಡ 1,000 ರೂಪಾಯಿ. ಕಟ್ಟಿ ಮುಗಿಸುವಷ್ಟರಲ್ಲಿ ಇನ್ನೊಂದು. ರಸ್ತೆ ನೋಡಿದರೆ ವಿಮಾನ ಇಳಿಸಬಹುದು, ಹಾಗಿದೆ. ಅದರಲ್ಲಿ ವೇಗದ ಮಿತಿ 100 ಅಂದ್ರೆ ಕಾಲು ಕೇಳಬೇಕಲ್ವಾ?

ಅಮೆರಿಕದಲ್ಲಿರುವ ನಮ್ಮ ಭಾವ ಈ ಸಲ ಊರಿಗೆ ಬಂದಾಗ ಒಂದು ರಾಡಾರ್ ಡಿಟೆಕ್ಟರ್ ತಂದುಕೊಟ್ಟರು. ಅಂಗೈಯಷ್ಟು ದೊಡ್ಡ ಕಪ್ಪು ಡಬ್ಬಿ. ಮುಂದಿನ ಗಾಜಿಗೆ ಅಂಟಿಸಿ, ಚಾರ್ಜರ್ ಸಾಕೆಟ್‌ಗೆ ವೈರು ಸಿಕ್ಕಿಸಿದರೆ ಆಯಿತು. ಮುಂದೆ ಪೊಲೀಸ್ ರಾಡಾರ್ ಇದ್ದರೆ ಮೊದಲೇ ಕೂಗಿ ಹೇಳುತ್ತದಂತೆ. ಆದರೆ ಇದು ಆಡುವ ಆಟವೇ ಬೇರೆ. ಕೆಂಗೇರಿ ಟ್ರಾಫಿಕ್‌ನಲ್ಲಿ ಕಾರುಗಳು ತೆವಳುತ್ತಿರುವಾಗ ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತದೆ. ಮಾಲ್ ಮುಂದೆ ಹೋದರೂ ಕಿರುಚುತ್ತದೆ. ಹೈವೇಯಲ್ಲಿ ಕ್ಯಾಮೆರಾ ಕಂಬದ ಕೆಳಗೆ ಹೋದರೆ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ.

ಸೆಟ್ಟಿಂಗ್ ಏನಾದರೂ ಬದಲಾಯಿಸಬೇಕಾ? ಇಲ್ಲಾ ನಮ್ಮ ದೇಶಕ್ಕೆ ಬೇರೆ ಮಾಡೆಲ್ ಇದೆಯಾ? ಆಫೀಸಿನಲ್ಲಿ ಒಬ್ಬ ಜ್ಯಾಮರ್ ತಗೋ ಅಂತಾನೆ. ಇನ್ನೊಬ್ಬ ನಂಬರ್ ಪ್ಲೇಟಿಗೆ ಹೊಡೆಯುವ ಸ್ಪ್ರೇ ಅಂತಾನೆ. ಗೂಗಲ್ ಮ್ಯಾಪ್ ಒಂದೇ ಸಾಕು ಅನ್ನುವವರೂ ಇದ್ದಾರೆ. ಬಳಸಿ ಗೊತ್ತಿರುವವರು ಹೇಳಿ.

ಒಂದು ವಿನಂತಿ. ನಿಧಾನಕ್ಕೆ ಓಡಿಸು ಅನ್ನುವ ಉಪದೇಶ ನಮ್ಮ ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ. ಇಲ್ಲಿ ಬೇಡ.

ವರ್ಜೀನಿಯಾ ಕನ್ನಡಿಗ

ನಿಮ್ಮ ಭಾವನವರು ಪ್ರೀತಿಯಿಂದ ತಂದಿದ್ದಾರೆ, ಆದರೆ ಆ ಡಬ್ಬಿ ಇಲ್ಲಿನ ಆಟಕ್ಕೆ ಮಾಡಿದ್ದು. ಇಲ್ಲಿ ಪೊಲೀಸ್ ಕಾರು ರಸ್ತೆ ಪಕ್ಕದ ಮರದ ಹಿಂದೆ ನಿಂತು ರಾಡಾರ್ ಹಾಕಿಕೊಂಡು ಕೂತಿರುತ್ತದೆ. ಆ ಅಲೆ ಒಂದೆರಡು ಮೈಲಿ ದೂರಕ್ಕೂ ಚೆಲ್ಲುತ್ತದೆ. ಡಿಟೆಕ್ಟರ್ ಹಿಡಿಯುವುದು ಆ ಚೆಲ್ಲಿದ್ದನ್ನು.

ಅದೂ ಎಲ್ಲ ಕಡೆ ನಡೆಯುವುದಿಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಕಾರಿನಲ್ಲಿ ಇಟ್ಟುಕೊಳ್ಳಬಹುದು. ನಾನಿರುವ ವರ್ಜೀನಿಯಾದಲ್ಲಿ ಮತ್ತು ಪಕ್ಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ಬಳಸುವ ಹಾಗಿಲ್ಲ. ದೊಡ್ಡ ಟ್ರಕ್ಕುಗಳಿಗೆ ದೇಶದಾದ್ಯಂತ ನಿಷೇಧ. ತಮಾಷೆ ಏನಂದ್ರೆ ಡಿಟೆಕ್ಟರ್ ಕೂಡ ಸಣ್ಣದಾಗಿ ರೇಡಿಯೊ ಅಲೆ ಸೋರುತ್ತದೆ. ಅದನ್ನು ಹಿಡಿಯುವ ಇನ್ನೊಂದು ಯಂತ್ರ ಪೊಲೀಸರ ಹತ್ತಿರ ಇರುತ್ತದೆ. ಅದನ್ನೂ ತಪ್ಪಿಸುವ ಡಿಟೆಕ್ಟರ್ ಅಂತ ಕಂಪನಿಗಳು ಇನ್ನೂ ದುಬಾರಿ ಮಾಡೆಲ್ ಮಾರುತ್ತವೆ. ಈ ಓಟಕ್ಕೆ ಕೊನೆಯೇ ಇಲ್ಲ.

ಇಲ್ಲಿ ಗಂಟೆಗೆ 85 ಮೈಲಿ ದಾಟಿದರೆ, ಅಂದರೆ ಸುಮಾರು 137 ಕಿ.ಮೀ., ಅದು ಟಿಕೆಟ್ ಅಲ್ಲ, ಕ್ರಿಮಿನಲ್ ಕೇಸು. ವೀಸಾ ಮೇಲೆ ಇರುವ ನಮ್ಮಂಥವರಿಗೆ ಎದೆ ಧಸಕ್ಕೆನ್ನುವ ವಿಷಯ. ಹಾಗಾಗಿ ಇಲ್ಲಿನ ಕನ್ನಡ ಸಂಘದ ಗೆಳೆಯರೆಲ್ಲ ಕ್ರೂಸ್ ಕಂಟ್ರೋಲ್ ಹಾಕಿ ಬೆಲೂನ್ ಹಾಗೆ ತೇಲಿಕೊಂಡು ಹೋಗುತ್ತೇವೆ. ಬೆಂಗಳೂರಿಗೆ ಬಂದರೆ ನಾವೇ 120 ಹೊಡೆಯುತ್ತೇವೆ ಅನ್ನೋದು ಬೇರೆ ಮಾತು.

ಮದ್ದೂರು ಕ್ಯಾಬ್

ನಮ್ಮದು ಹಳದಿ ಬೋರ್ಡು. 80ಕ್ಕೆ ಲಾಕ್. ಸ್ಪೀಡ್ ಗವರ್ನರ್ ಇದೆ, ಪೆಡಲ್ ಎಷ್ಟು ಒತ್ತಿದರೂ ಮೇಲೆ ಹೋಗುವುದಿಲ್ಲ. ಹಾಗಾಗಿ ಎಡಗಡೆ ಲೇನಿನಲ್ಲಿ ಕೂತು ನಿಮ್ಮೆಲ್ಲರ ಆಟ ನೋಡುವುದು ನಮ್ಮ ಪಾಲಿನ ಸಿನಿಮಾ.

ಹೇಳ್ತೀನಿ ಕೇಳಿ. 120ರಲ್ಲಿ ರೊಯ್ಯನೆ ಬರುತ್ತಾರೆ. ಒಳಗಿನಿಂದ ಮ್ಯಾಪಿನ ಹೆಂಗಸು ಏನೋ ಅಂದಳು ಅಂತ ಕಾಣುತ್ತದೆ, ಕ್ಯಾಮೆರಾ ಇನ್ನು ಸ್ವಲ್ಪ ದೂರ ಇದ್ದ ಹಾಗೆ ಗಬಕ್ಕನೆ ಬ್ರೇಕು. ಹಿಂದಿನವನ ಬ್ರೇಕ್ ಲೈಟು, ಅವನ ಹಿಂದಿನವನದು, ಕೆಂಪು ಸಾಲು. ಕಂಬ ದಾಟಿದ ತಕ್ಷಣ ಮತ್ತೆ ರೊಯ್ಯ್. ಒಂದು ಸಂಜೆ ಚನ್ನಪಟ್ಟಣ ಬೈಪಾಸಿನಲ್ಲಿ ನನ್ನ ಬಲಗಡೆಯೇ ಒಬ್ಬ ಹಾಗೆ ಬ್ರೇಕ್ ಒತ್ತಿದ. ಹಿಂದೆ ಇದ್ದವನು ಎಡಕ್ಕೆ ತಿರುಗಿಸಿ ನನ್ನ ಮುಂದೆ ನುಗ್ಗಿದ. ಹಿಂದಿನ ಸೀಟಿನಲ್ಲಿ ಗಿರಾಕಿ ಅಜ್ಜಿ, ಅವರ ಮಡಿಲಲ್ಲಿದ್ದ ಹೂವಿನ ಬುಟ್ಟಿ ಎಲ್ಲ ನನ್ನ ತಲೆ ಮೇಲೆ. ಯಾರಿಗೂ ಏನೂ ಆಗಲಿಲ್ಲ. ಅಜ್ಜಿ ಬಿಡದಿವರೆಗೂ ಆ ಕಾರಿನವನ ವಂಶಕ್ಕೆಲ್ಲ ಸಹಸ್ರನಾಮ ಓದಿದರು.

ಉಪದೇಶ ಬೇಡ ಅಂದಿರಿ, ಮಾಡುವುದಿಲ್ಲ. ಕಂಡಿದ್ದು ಹೇಳಿದೆ ಅಷ್ಟೆ. ಇಷ್ಟು ಅವಸರದಲ್ಲಿ ಹೋಗ್ತೀರಿ, ಬೈಪಾಸ್ ಆದಮೇಲೆ ನಮ್ಮೂರಿಗೆ ಇಳಿದು ಒಂದು ವಡೆ ತಿನ್ನುವವರೂ ಕಡಿಮೆಯಾದರು, ಅದು ನನ್ನ ಹೊಟ್ಟೆಯುರಿ.

ಜೆ.ಸಿ. ರೋಡ್ ಅಂಗಡಿ

ಒಂಟಿಕೊಪ್ಪಲ್ ಸರ್, ಬೆಂಗಳೂರು ಜೆ.ಸಿ. ರೋಡಿನಲ್ಲಿ ಕಾರ್ ಆಕ್ಸೆಸರೀಸ್ ಅಂಗಡಿ ನಮ್ಮದು. ನಮ್ಮ ತಂದೆ ಕಾಲದಲ್ಲಿ ಸೀಟ್ ಕವರ್, ಹಾರ್ನು. ನನ್ನ ಕಾಲಕ್ಕೆ ಸ್ಕ್ರೀನು, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್. ನೀವು ಕೇಳಿದ್ದನ್ನೆಲ್ಲ ಒಂದಲ್ಲ ಒಂದು ದಿನ ಯಾರಾದರೂ ಬಂದು ಕೇಳಿಯೇ ಇರುತ್ತಾರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಡಬ್ಬಿ. ರಾಡಾರ್ ಗನ್ ಕೆಲಸ ಮಾಡುವುದು ಹೀಗೆ. ರೇಡಿಯೊ ಅಲೆ ಬಿಡುತ್ತದೆ, ಅದು ಕಾರಿಗೆ ಬಡಿದು ವಾಪಸ್ ಬರುತ್ತದೆ. ಕಾರು ಎದುರಿಗೆ ಬರುತ್ತಿದ್ದರೆ ವಾಪಸ್ ಬಂದ ಅಲೆಯ ಕಂಪನ ಸ್ವಲ್ಪ ಜಾಸ್ತಿಯಾಗಿರುತ್ತದೆ. 24 ಗಿಗಾಹರ್ಟ್ಸ್ ಗನ್ನಿಗೆ ನೀವು 100ರಲ್ಲಿ ಎದುರಾದರೆ ಆ ವ್ಯತ್ಯಾಸ ಸುಮಾರು ನಾಲ್ಕೂವರೆ ಸಾವಿರ ಹರ್ಟ್ಸ್. ಅದರಿಂದ ವೇಗ ಲೆಕ್ಕ. ಗನ್ನಿಗೆ ಬೇಕಾದದ್ದು ಹೋಗಿ ಬಂದ ಅಲೆ. ನಿಮ್ಮ ಡಬ್ಬಿಗೆ ಹೋಗುವ ಅಲೆ ಒಂದೇ ಸಾಕು. ಅದಕ್ಕೇ ಗನ್ನಿಗೆ ನೀವು ಕಾಣುವ ಮೊದಲೇ ಡಬ್ಬಿಗೆ ಗನ್ ಕಾಣುತ್ತದೆ. ಇದು ಮೋಸದ ಮಾಲಲ್ಲ. ಅದರ ಜಾಗದಲ್ಲಿ ಅದು ಸರಿಯಾಗೇ ಕೆಲಸ ಮಾಡುತ್ತದೆ.

ಕೆಂಗೇರಿಯಲ್ಲಿ ಕಿರುಚುವುದು ಯಾಕೆ ಅಂದ್ರೆ, ಅದೇ 24 ಗಿಗಾಹರ್ಟ್ಸ್ ಸುತ್ತಮುತ್ತ ಬೇರೆ ಎಷ್ಟೋ ಯಂತ್ರಗಳು ಕೂತಿವೆ. ಮಾಲ್‌ಗಳಲ್ಲಿ ತಾನಾಗೇ ತೆರೆಯುವ ಗಾಜಿನ ಬಾಗಿಲು, ಕೆಲವು ಕಾರುಗಳ ಪಕ್ಕದ ವಾಹನ ತೋರಿಸುವ ಸೆನ್ಸರ್, ಎಲ್ಲ ಅದೇ ಅಲೆ. ಡಬ್ಬಿಗೆ ಪೊಲೀಸ್ ಯಾವುದು, ಬಾಗಿಲು ಯಾವುದು ಅಂತ ಪೂರ್ತಿ ತಿಳಿಯುವುದಿಲ್ಲ.

ಇನ್ನು ಹೈವೇಯಲ್ಲಿ ಯಾಕೆ ಸುಮ್ಮನಿರುತ್ತದೆ? ರಸ್ತೆ ಪಕ್ಕ ನಿಂತು ವೇಗ ಅಳೆಯುವ ಪೊಲೀಸರ ಇಂಟರ್‌ಸೆಪ್ಟರ್ ಗಾಡಿ ನೋಡಿದ್ದೀರಲ್ಲ, ಅದರಲ್ಲಿ ಇರುವುದು ಲೇಸರ್ ಗನ್. ಅದು ರೇಡಿಯೊ ಅಲ್ಲ, ಕಣ್ಣಿಗೆ ಕಾಣದ ಬೆಳಕು. ಆ ಕಿರಣ 300 ಮೀಟರ್ ದೂರ ಹೋದಮೇಲೂ ಸುಮಾರು ಒಂದು ಮೀಟರ್ ಅಗಲ ಇರುತ್ತದೆ, ಅಷ್ಟೆ. ನೇರ ನಿಮ್ಮ ನಂಬರ್ ಪ್ಲೇಟಿಗೆ ಗುರಿ. ಪಕ್ಕದ ಕಾರಿಗೆ ಚೆಲ್ಲುವುದಿಲ್ಲ. ನಿಮ್ಮ ಡಬ್ಬಿಯಲ್ಲಿ ಲೇಸರ್ ಕಣ್ಣು ಇದ್ದರೂ ಅದು ಕೂಗುವ ಹೊತ್ತಿಗೆ ವೇಗ ಅಳತೆಯಾಗಿ ಮುಗಿದಿರುತ್ತದೆ. ಅಳೆಯೋಕೆ ಅರ್ಧ ಸೆಕೆಂಡೂ ಬೇಡ. ಕೂಗಿದರೆ ಅರ್ಥ ಇಷ್ಟೇ: ಚಲನ್ ಬರ್ತಾ ಇದೆ, ದುಡ್ಡು ರೆಡಿ ಮಾಡ್ಕೊ.

ಕಂಬದ ಮೇಲಿನ ಕ್ಯಾಮೆರಾದ ಕಥೆ ಇನ್ನೂ ಬೇರೆ. ಕೆಲವು ಕಡೆ ಕ್ಯಾಮೆರಾ ಪಕ್ಕ ಸಣ್ಣ ರಾಡಾರ್ ಇರುತ್ತದೆ, ಕೆಳಮುಖವಾಗಿ, ಹತ್ತಿರದ ಜಾಗಕ್ಕೆ ಮಾತ್ರ. ಕೆಲವು ಕಡೆ ರಾಡಾರೇ ಇಲ್ಲ. ವಿಡಿಯೊ ನೋಡಿಯೇ ಲೆಕ್ಕ. ಅಲೆಯನ್ನೇ ಬಿಡದ ಕ್ಯಾಮೆರಾವನ್ನು ಅಲೆ ಹಿಡಿಯುವ ಡಬ್ಬಿ ಎಲ್ಲಿಂದ ಹಿಡಿಯಬೇಕು? ಸೆಟ್ಟಿಂಗ್ ಬದಲಾಯಿಸಿದರೆ ಏನೂ ಆಗುವುದಿಲ್ಲ ಸರ್. ಎಕ್ಸ್, ಕೆ, ಕೆಎ ಅನ್ನುವ ಮೂರು ರಾಡಾರ್ ಅಲೆಯ ಬ್ಯಾಂಡನ್ನೂ ತಿರುವಿ ತಿರುವಿ ನೋಡಿದರೂ ಅಷ್ಟೇ.

ಜ್ಯಾಮರ್ ಕಡೆ ದಯವಿಟ್ಟು ತಿರುಗಿಯೂ ನೋಡಬೇಡಿ. ಅದು ಸುಮ್ಮನೆ ಕೇಳಿಸಿಕೊಳ್ಳುವ ಯಂತ್ರ ಅಲ್ಲ, ತಾನೇ ಅಲೆ ಬಿಟ್ಟು ಬೇರೆಯವರ ಅಲೆ ಕೆಡಿಸುವ ಯಂತ್ರ. ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು, ಮಾರುವುದು, ಹೊರಗಿನಿಂದ ತರಿಸುವುದು ಎಲ್ಲ ಕಾನೂನುಬಾಹಿರ. ಟೆಲಿಕಾಂ ಇಲಾಖೆ 2022ರ ಜನವರಿಯಲ್ಲಿ ಇದನ್ನೇ ಮತ್ತೆ ಬರೆದು ಎಚ್ಚರಿಸಿತು. 1,000 ರೂಪಾಯಿ ದಂಡ ತಪ್ಪಿಸೋಕೆ ಹೋಗಿ ಕೋರ್ಟು ಅಲೆಯುವ ಕೆಲಸ.

ಸ್ಪ್ರೇ ಬಗ್ಗೆ ನಗು ಬರುತ್ತದೆ. ಫ್ಲ್ಯಾಶ್ ಬೆಳಕು ಪ್ಲೇಟಿಗೆ ಬಡಿದು ಫೋಟೊ ಬೆಳ್ಳಗಾಗುತ್ತದೆ ಅಂತ ಅದರ ಕಥೆ. ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟೇ ಬೆಳಕನ್ನು ಬಂದ ಕಡೆಗೇ ವಾಪಸ್ ಕಳಿಸುವ ಹಾಳೆಯಿಂದ ಮಾಡಿದ್ದು. ರಾತ್ರಿ ಹೊತ್ತು ಕ್ಯಾಮೆರಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಆ ಹೊಳಪಿನಿಂದಲೇ ನಂಬರ್ ಓದುವುದು. ನೀವು ಮೇಲೆ ಇನ್ನಷ್ಟು ಹೊಳಪು ಹೊಡೆದರೆ ಅದಕ್ಕೇನು ನಷ್ಟ? ಒಬ್ಬರು ಹೊಡೆಸಿಕೊಂಡು ಬಂದು ತೋರಿಸಿದರು. ನನ್ನ ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ಫೋಟೊ ತೆಗೆದೆ. ನಂಬರ್ ಮೊದಲಿಗಿಂತ ಚೆನ್ನಾಗಿ ಬಂತು. ಅಕ್ಷರದ ಮೇಲೆ ಧೂಳು, ಸ್ಟಿಕ್ಕರು, ಮಡಚಿದ ಮೂಲೆ, ಪ್ಲಾಸ್ಟಿಕ್ ಕವರ್ ಇದೆಲ್ಲ ಇನ್ನೂ ಅಪಾಯ. ಬೆಂಗಳೂರಿನಲ್ಲಿ ನಂಬರ್ ಮರೆಮಾಚಿದವರ ಮೇಲೆ ಕ್ರಿಮಿನಲ್ ಕೇಸುಗಳೇ ಆಗಿವೆ. ನಮ್ಮ ಅಂಗಡಿಯಲ್ಲಿ ಮಾಡುವುದಿಲ್ಲ ಅಂತ ಬೋರ್ಡೇ ಹಾಕಿದ್ದೇನೆ. ಆದರೂ ಕೇಳುತ್ತಾರೆ, ಮೆಲ್ಲಗೆ, ಕಳ್ಳ ನೋಟು ಬದಲಾಯಿಸುವ ಹಾಗೆ.

ಗೂಗಲ್ ಮ್ಯಾಪ್ ವಿಚಾರಕ್ಕೆ ಬರೋಣ. ಅದು ಸರಿಯಾದ ಸಾಧನ. 2019ರಿಂದ ನಮ್ಮ ದೇಶದಲ್ಲೂ ಕ್ಯಾಮೆರಾ ತೋರಿಸುತ್ತಿದೆ. ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ಕೂಡ ಹೇಳುತ್ತದೆ. ಇದರಲ್ಲಿ ಕದ್ದುಮುಚ್ಚುವುದು ಏನೂ ಇಲ್ಲ. ಕ್ಯಾಮೆರಾ ಇರುವ ಜಾಗಕ್ಕೆ ಮುಂಚೆ ಎಚ್ಚರಿಕೆ ಬೋರ್ಡು ಹಾಕಬೇಕು ಅಂತ ಸರ್ಕಾರದ ನಿಯಮವೇ ಇದೆ, 2021ರಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ. ಪೊಲೀಸರಿಗೂ ನೀವು ನಿಧಾನ ಮಾಡಿದರೆ ಸಾಕು. ಕಂಬಕ್ಕೆ ನಿಂತ ಕ್ಯಾಮೆರಾಗೆ ಮ್ಯಾಪು ಸರಿ. ಇಂಟರ್‌ಸೆಪ್ಟರ್ ಗಾಡಿಗೆ ಅಲ್ಲ. ಯಾರೋ ಮ್ಯಾಪಿನಲ್ಲಿ ಗುರುತು ಹಾಕಿದ ಮೇಲೆ ಅದು ಕಾಲು ಗಂಟೆಯಲ್ಲಿ ಇನ್ನೊಂದು ಸೇತುವೆ ಮೇಲೆ ಇರುತ್ತದೆ.

ಈಗ ನಮ್ಮ ಅಂಗಡಿಯ ಒಂದು ನಿತ್ಯದ ದೃಶ್ಯ ಹೇಳಬೇಕು. 2019ರ ಜುಲೈ 1ರ ನಂತರ ತಯಾರಾದ ಎಲ್ಲ ಕಾರಿನಲ್ಲೂ ಸ್ಪೀಡ್ ಅಲರ್ಟ್ ಇದೆ. 80 ದಾಟಿದರೆ ಆಗಾಗ ಟಿಂಗ್ ಟಿಂಗ್. 120 ದಾಟಿದರೆ ಬಿಡದೆ ಟಿಂಗ್ ಟಿಂಗ್ ಟಿಂಗ್. ಹೊಸ ಕಾರು ತಗೊಂಡ ತಿಂಗಳಲ್ಲೇ ಜನ ಬರುತ್ತಾರೆ. "ಅಣ್ಣ, ಈ ಟಿಂಗ್ ಟಿಂಗ್ ಮೊದಲು ಕಿತ್ತಾಕು, ಹೆಂಡತಿ ತಲೆ ತಿಂತಾಳೆ." ಆಗಲ್ಲ ಸರ್ ಅಂದರೆ ಮುಖ ಸಣ್ಣಗೆ ಮಾಡಿಕೊಂಡು, ಮುಂದಿನ ಪ್ರಶ್ನೆ: "ಹೋಗ್ಲಿ, ಪೊಲೀಸ್ ಇದ್ರೆ ಬೀಪ್ ಹೊಡೆಯೋ ಯಂತ್ರ ಸಿಗುತ್ತಾ?" ಕಾರಿನ ಜೊತೆ ಬಿಟ್ಟಿ ಬಂದ ಬೀಪ್ ಬೇಡ. ಸಾವಿರಾರು ರೂಪಾಯಿ ಕೊಟ್ಟು ಹೊರಗಿನಿಂದ ತರಿಸಿದ ಬೀಪ್ ಬೇಕು. ವ್ಯಾಪಾರಿ ನಾನು, ಇದಕ್ಕೆ ಏನು ಹೇಳಲಿ.

ನಾನು ಇದರಿಂದ ಕಂಡುಕೊಂಡಿದ್ದು ಒಂದು. ಪೊಲೀಸ್ ಎಲ್ಲಿದ್ದಾನೆ ಅಂತ ಹೇಳುವ ಯಂತ್ರಕ್ಕೆ ದುಡ್ಡು ಸುರಿಯುವುದು ದಂಡ. ನನ್ನ ವೇಗ ಎಷ್ಟು ಅಂತ ಹೇಳುವ ಯಂತ್ರ ಆಗಲೇ ಕಾರಿನಲ್ಲಿ ಇದೆ, ಅದನ್ನು ಸರಿಯಾಗಿ ಬಳಸಿದರೆ ಚಲನ್ ಬರುವುದಿಲ್ಲ.

ಒಂಟಿಕೊಪ್ಪಲ್ ಹುಡುಗ

ಅಣ್ಣಾ, ಒಳ್ಳೆ ಪಾಠ ಆಯಿತು. ಆದರೆ ಮ್ಯಾಪ್ ಸರಿಯಾದ ಸಾಧನ ಅಂತ ನೀವೇ ಅಂದಿರಿ. ಹಾಗಾದರೆ ಮದ್ದೂರಿನವರು ಬೈದ ಹಾಗೆ ಕ್ಯಾಮೆರಾ ಹತ್ತಿರ ಮಾತ್ರ 95ಕ್ಕೆ ಇಳಿಸಿದರೆ ಮುಗಿಯಿತಲ್ಲ? ಗಬಕ್ಕನೆ ಬ್ರೇಕ್ ಒತ್ತುವುದಿಲ್ಲ, ಒಂದು ಕಿಲೋಮೀಟರ್ ಮೊದಲೇ ಕಾಲು ತೆಗೆದುಬಿಡುತ್ತೇನೆ. ಉಳಿದ ಕಡೆ ಯಾರು ಕೇಳುತ್ತಾರೆ?

ಇನ್ನೊಂದು ಮಾತು. 2018ರ ಕೇಂದ್ರದ ಅಧಿಸೂಚನೆಯಲ್ಲಿ ಎಕ್ಸ್‌ಪ್ರೆಸ್‌ವೇಗೆ ಕಾರಿಗೆ 120 ಅಂತ ಇದೆ. ನಮ್ಮ ರಸ್ತೆಗೆ ಯಾಕೆ 100?

ಜೆ.ಸಿ. ರೋಡ್ ಅಂಗಡಿ

120 ಇರುವುದು ಪ್ರವೇಶ ನಿಯಂತ್ರಣ ಇರುವ ಎಕ್ಸ್‌ಪ್ರೆಸ್‌ವೇಗೆ, ಅದೂ ಗರಿಷ್ಠ ಮಿತಿ. ಮಧ್ಯೆ ಡಿವೈಡರ್ ಇರುವ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಲೇನಿನ ರಸ್ತೆಗೆ 100. ಸ್ಥಳೀಯವಾಗಿ ಅದಕ್ಕಿಂತ ಕಡಿಮೆ ಮಾಡುವ ಅಧಿಕಾರ ರಾಜ್ಯಕ್ಕೆ ಇದೆ. ನಮ್ಮದು ರಾಷ್ಟ್ರೀಯ ಹೆದ್ದಾರಿ 275. ಜನ ಬಾಯಲ್ಲಿ ಎಕ್ಸ್‌ಪ್ರೆಸ್‌ವೇ ಅಂತಾರೆ. ಬೋರ್ಡಿನಲ್ಲಿ 100 ಇದ್ದರೆ ಕ್ಯಾಮೆರಾಗೆ 100, ವಾದ ಮಾಡೋಕೆ ಅದಕ್ಕೆ ಬಾಯಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಆ ವರ್ಷದ ಮೊದಲ ಆರು ತಿಂಗಳಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರುವ ಹಾಗಿಲ್ಲ ಅಂತಾಯಿತು. ಆಮೇಲೆ ಕ್ಯಾಮೆರಾ. ಅದಕ್ಕೂ ಮುಂಚೆ ಅಲ್ಲಿ ಏನು ನಡೆಯುತ್ತಿತ್ತು ಅಂತ ಟೋಯಿಂಗ್ ಗಾಡಿಯವರನ್ನು ಕೇಳಿ. ನನ್ನ ಪಕ್ಕದ ಅಂಗಡಿಗೆ ಬರುತ್ತಿದ್ದ ಮುರಿದ ಬಂಪರ್‌ಗಳ ರಾಶಿ ನಾನೇ ನೋಡಿದ್ದೇನೆ.

ಇನ್ನು ಕ್ಯಾಮೆರಾ ಹತ್ತಿರ ಮಾತ್ರ ಇಳಿಸುವ ಉಪಾಯ. ಈಗ ಸ್ವಲ್ಪ ದಿನ ನಡೆಯಬಹುದು. ಆದರೆ ಸರಾಸರಿ ವೇಗದ ಲೆಕ್ಕ ಬಂದರೆ ಅದು ಸತ್ತ ಉಪಾಯ. ಎರಡು ಕಡೆ ಕ್ಯಾಮೆರಾ ಇರುತ್ತದೆ, ನಡುವೆ 10 ಕಿ.ಮೀ. ಅಂತಿಟ್ಟುಕೊಳ್ಳಿ. ಮೊದಲನೆಯದು ನಂಬರ್ ಮತ್ತು ಸಮಯ ಬರೆದುಕೊಳ್ಳುತ್ತದೆ. ಎರಡನೆಯದೂ ಅಷ್ಟೇ. 100ರಲ್ಲಿ ಹೋದರೆ 6 ನಿಮಿಷ ಆಗಬೇಕು. ನೀವು 5 ನಿಮಿಷ 20 ಸೆಕೆಂಡಿಗೆ ಬಂದರೆ ಸರಾಸರಿ 112 ದಾಟಿತು. ಮುಗೀತು. ಎರಡೂ ಕಂಬದ ಕೆಳಗೆ ನೀವು 60ರಲ್ಲಿ ಕೈಮುಗಿದುಕೊಂಡು ಹೋಗಿದ್ದರೂ ಲೆಕ್ಕ ಲೆಕ್ಕವೇ. ಇಲ್ಲಿ ರಾಡಾರ್ ಇಲ್ಲ, ಲೇಸರ್ ಇಲ್ಲ. ಎರಡು ಗಡಿಯಾರ, ಒಂದು ಭಾಗಾಕಾರ. ಇದನ್ನು ಹಿಡಿಯುವ ಡಬ್ಬಿ ಜಗತ್ತಿನಲ್ಲೇ ಇಲ್ಲ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಟೋಲಿನಿಂದ ಟೋಲಿಗೆ ತಗೊಂಡ ಸಮಯ ನೋಡಿ ಚಲನ್ ಹಾಕುವುದು ಹಳೆ ಸುದ್ದಿ. ಮೈಸೂರು ರಸ್ತೆಗೂ ಆ ಮಾತು ಬಂದಿದೆ.

ಇದನ್ನೇ ಒಬ್ಬ ಗಿರಾಕಿಗೆ ವಿವರಿಸಿದೆ. ತುಂಬಾ ಹೊತ್ತು ಯೋಚನೆ ಮಾಡಿ, "ಹಾಗಾದ್ರೆ ಮಧ್ಯೆ ಹತ್ತು ನಿಮಿಷ ಕಾಫಿಗೆ ನಿಂತುಬಿಟ್ರೆ ಸರಾಸರಿ ಇಳಿಯುತ್ತಲ್ವಾ" ಅಂದರು. ಅಲ್ಲ ಸ್ವಾಮಿ, ಹತ್ತು ನಿಮಿಷ ಉಳಿಸೋಕೆ ಅಂತ ಓಡಿಸಿ, ಆ ಹತ್ತು ನಿಮಿಷ ಕೂತು ಕಳೆಯೋದಾ?

ಆ ಹತ್ತು ನಿಮಿಷದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 118 ಕಿ.ಮೀ. ಪೂರ್ತಿ 100ರಲ್ಲಿ ಹೋದರೆ 71 ನಿಮಿಷ. ಪೂರ್ತಿ 120ರಲ್ಲಿ ಹೋದರೆ 59. ಸಿಗುವುದು 12 ನಿಮಿಷ. ಅದೂ ಎಲ್ಲೂ ನಿಧಾನ ಮಾಡದೆ, ಟೋಲಿನಲ್ಲಿ ನಿಲ್ಲದೆ. ಸೋಮವಾರ ಬೆಳಿಗ್ಗೆ ನಾಯಂಡಹಳ್ಳಿ ಸಿಗ್ನಲ್ ಆ 12 ನಿಮಿಷವನ್ನು ಒಂದೇ ಗುಕ್ಕಿಗೆ ನುಂಗುತ್ತದೆ.

130 ಮಾತ್ರ ಯಾವತ್ತೂ ದಾಟಬೇಡಿ. ಸಂಚಾರ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರು 2024ರ ಆಗಸ್ಟ್ 1ರಿಂದ 130 ಮೀರಿದವರ ಮೇಲೆ ಎಫ್‌ಐಆರ್ ಅಂತ ಘೋಷಿಸಿದರು. ಅಲ್ಲಿಗೆ ಅದು ಚಲನ್ ಕಥೆ ಅಲ್ಲ. ಹಳೆಯ ಐಪಿಸಿ ಬದಲಿಗೆ ಬಂದ ಬಿಎನ್‌ಎಸ್‌ನ 281ನೇ ಕಲಂ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಪೊಲೀಸ್ ಮನೆಗೆ ಬಂದಾಗ ನೆನಪಾಗುವಂಥದ್ದು.

ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ. ಮ್ಯಾಪಿನ ಸೆಟ್ಟಿಂಗ್ಸ್ ಒಳಗೆ ನ್ಯಾವಿಗೇಶನ್ ಅಂತ ಇರುತ್ತದೆ, ಅಲ್ಲಿ ಸ್ಪೀಡೋಮೀಟರ್ ಆನ್ ಮಾಡಿ. ಜಿಪಿಎಸ್ ವೇಗ ಮೂಲೆಯಲ್ಲಿ ಬರುತ್ತದೆ, ಮಿತಿ ದಾಟಿದರೆ ಬಣ್ಣ ಬದಲಾಗುತ್ತದೆ. ಕಾರಿನ ಮೀಟರ್ ಯಾವಾಗಲೂ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಕಡಿಮೆ ತೋರಿಸುವ ಹಾಗಿಲ್ಲ ಅಂತ ನಿಯಮ. ಮೀಟರ್ 100 ಅಂದಾಗ ಜಿಪಿಎಸ್ 95, 96 ಅನ್ನುವುದು ಮಾಮೂಲು. ಹಾಗಾಗಿ ಚಲನ್‌ನಲ್ಲಿ 117 ಬಂದಿದೆ ಅಂದರೆ ನಿಮ್ಮ ಮೀಟರ್ 120ರ ಮೇಲೆ ಇದ್ದಿರಬೇಕು, ಆ ಟಿಂಗ್ ಟಿಂಗ್ ಆಗ ಬಡಿದುಕೊಳ್ಳುತ್ತಲೇ ಇತ್ತು. ನೀವು ಹಾಡು ಜೋರಾಗಿ ಇಟ್ಟಿದ್ದಿರಿ ಅಂತ ನನ್ನ ಊಹೆ.

ಕ್ರೂಸ್ ಕಂಟ್ರೋಲ್ ಇದ್ದರೆ ಮ್ಯಾಪಿನಲ್ಲಿ 98 ಬರುವ ಹಾಗೆ ಇಟ್ಟು ಕಾಲು ಕೆಳಗಿಡಿ. ಮಳೆ ಬಂದರೆ ಮಾತ್ರ ತೆಗೆಯಿರಿ. ಕ್ರೂಸ್ ಇಲ್ಲದಿದ್ದರೆ ಕೆಲವು ಕಾರಿನ ಮೀಟರ್ ಮೆನುವಿನಲ್ಲಿ ಸ್ಪೀಡ್ ವಾರ್ನಿಂಗ್ ಅಂತ ಇರುತ್ತದೆ, ನಿಮಗೆ ಬೇಕಾದ ಅಂಕಿ ಇಟ್ಟುಕೊಳ್ಳಬಹುದು. ಮ್ಯಾನ್ಯುಯಲ್ ಪುಸ್ತಕ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಕೂತಿರುತ್ತದೆ, ತೆಗೆದು ನೋಡಿ.

ಡ್ಯಾಶ್‌ಕ್ಯಾಮ್ ಹಾಕಿಸುವುದಾದರೆ ಒಂದು ಎಚ್ಚರ. ಜಿಪಿಎಸ್ ಇರುವ ಮಾಡೆಲ್ ವಿಡಿಯೊ ಕೆಳಗೆ ನಿಮ್ಮ ವೇಗವನ್ನೂ ಬರೆಯುತ್ತದೆ. ಆಕ್ಸಿಡೆಂಟ್ ಆದಾಗ "ತಪ್ಪು ಅವನದು" ಅಂತ ಹೆಮ್ಮೆಯಿಂದ ವಿಡಿಯೊ ಕೊಟ್ಟರೆ, ಅದರಲ್ಲಿ ನಿಮ್ಮ 124 ಕೂಡ ಇರುತ್ತದೆ.

ಮದ್ದೂರು ಕ್ಯಾಬ್

ಚಲನ್ ಬಂದರೆ ಕಟ್ಟದೆ ಕೂತುಕೊಳ್ಳುವವರ ಗುಂಪೂ ಒಂದಿದೆ ಅಣ್ಣ. 2023ರ ಫೆಬ್ರವರಿಯಲ್ಲಿ ಅರ್ಧಕ್ಕೆ ಬಿಟ್ಟರು, 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮತ್ತೆ ಅರ್ಧಕ್ಕೆ ಬಿಟ್ಟರು. ಆಷಾಢ ಸೇಲ್ ಕಾಯುವವರ ಥರ ನಮ್ಮ ಸ್ಟ್ಯಾಂಡಿನಲ್ಲಿ ಎಷ್ಟೋ ಜನ ಮುಂದಿನ ಆಫರ್ ಕಾಯುತ್ತಾ ಇದ್ದಾರೆ. ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ ಹೋದಾಗ ಆರ್‌ಟಿಒದಲ್ಲಿ ಬಾಕಿ ತೋರಿಸಿ ನಿಲ್ಲಿಸಿದರೆ ಆವತ್ತು ಬಾಡಿಗೆಯೂ ಇಲ್ಲ, ಆಫರೂ ಇಲ್ಲ.

ಹೆಬ್ಬಾಳ ಮೇಡಂ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಕಾರು ಆವತ್ತು ಮನೆ ಮುಂದೆಯೇ ನಿಂತಿತ್ತು. ಆದರೂ ಅತಿವೇಗ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದಿದೆ. ಒಂದು ಫೈಲ್ ಕಳಿಸಿ ಇನ್‌ಸ್ಟಾಲ್ ಮಾಡಿ ನೋಡಿ ಅಂತಿದ್ದಾರೆ. ಏನು ಮಾಡಲಿ?

ಜೆ.ಸಿ. ರೋಡ್ ಅಂಗಡಿ

ಮೇಡಂ, ಆ ಫೈಲ್ ಮುಟ್ಟಬೇಡಿ! ಎಪಿಕೆ ಫೈಲ್, ಅಂದರೆ ಮೊಬೈಲಿಗೆ ಆ್ಯಪ್ ಹಾಕುವ ಫೈಲ್, ಕಳಿಸಿ ಚಲನ್ ಅನ್ನುವುದು ಶುದ್ಧ ವಂಚನೆ. ಇನ್‌ಸ್ಟಾಲ್ ಆದರೆ ಮೊಬೈಲಿಗೆ ಬರುವ ಒಟಿಪಿ ಎಲ್ಲ ಅವರ ಕೈಗೆ. ಆ ನಂಬರ್ ಬ್ಲಾಕ್ ಮಾಡಿ. ಆಗಲೇ ಇನ್‌ಸ್ಟಾಲ್ ಮಾಡಿದ್ದರೆ ನೆಟ್ ಆಫ್ ಮಾಡಿ, ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಸೈಬರ್ ಸಹಾಯವಾಣಿ 1930ಕ್ಕೆ.

ನಿಜವಾಗಿ ಚಲನ್ ಇದೆಯೋ ಇಲ್ಲವೋ ನೋಡುವುದು ಸುಲಭ. ಮೆಸೇಜಿನ ಲಿಂಕ್ ಒತ್ತಬೇಡಿ. ನೀವೇ ಪರಿವಾಹನ್ ಇ-ಚಲನ್ ತಾಣ ತೆರೆದು ವಾಹನದ ನಂಬರ್ ಕೊಡಿ, ಅಥವಾ ಹತ್ತಿರದ ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಿ. ಇದ್ದರೆ ಜೊತೆಗೆ ಫೋಟೊ ಇರುತ್ತದೆ. ಅದನ್ನು ದೊಡ್ಡದು ಮಾಡಿ ನೋಡಿ. ಕ್ಯಾಮೆರಾ ಕೆಲವು ಸಲ ಇಂಗ್ಲಿಷಿನ ಬಿ ಅಕ್ಷರವನ್ನು ಎಂಟು ಅಂತ ಓದಿಬಿಡುತ್ತದೆ. ಕಾರಿನ ಬಣ್ಣ, ಮಾಡೆಲ್ ಬೇರೆ ಇದ್ದರೆ ಆ ಫೋಟೊ, ನಿಮ್ಮ ಆರ್‌ಸಿ, ನಿಮ್ಮ ಕಾರಿನ ಫೋಟೊ ಮೂರನ್ನೂ ಇಟ್ಟು ತಕರಾರು ಸಲ್ಲಿಸಿ. ದುಡ್ಡು ಕಟ್ಟಬೇಡಿ, ಕಟ್ಟಿದರೆ ಒಪ್ಪಿಕೊಂಡ ಹಾಗೆ.

ಫೋಟೊದಲ್ಲಿ ಮಾಡೆಲ್ಲೂ ಅದೇ, ಬಣ್ಣವೂ ಅದೇ, ನಂಬರೂ ಅದೇ ಆಗಿದ್ದು ಕಾರು ಮಾತ್ರ ನಿಮ್ಮದಲ್ಲ ಅನ್ನಿಸಿದರೆ ಯಾರೋ ನಿಮ್ಮ ನಂಬರ್ ಹಾಕಿಕೊಂಡು ಓಡಾಡುತ್ತಿದ್ದಾರೆ ಅಂತ ಅರ್ಥ. ಆಗ ತಡಮಾಡದೆ ಪೊಲೀಸ್ ಠಾಣೆಗೆ ಹೋಗಿ.

ಹೆಬ್ಬಾಳ ಮೇಡಂ

ಫೈಲ್ ತೆರೆದಿರಲಿಲ್ಲ, ಪುಣ್ಯ. ನೀವು ಹೇಳಿದ ಹಾಗೆ ತಾಣದಲ್ಲಿ ನೋಡಿದೆ. ವಾಟ್ಸಾಪ್‌ನಲ್ಲಿ ಬಂದ ಚಲನ್ ಅಲ್ಲಿ ಇಲ್ಲವೇ ಇಲ್ಲ. ಆದರೆ ಇನ್ನೊಂದು ಇದೆ, ಹಳೆಯದು, ಮಗ ಸ್ನೇಹಿತರ ಜೊತೆ ಮೈಸೂರಿಗೆ ಹೋಗಿದ್ದ ದಿನದ್ದು. 126. ನಿಮ್ಮ ಅಂಗಡಿಯಲ್ಲಿ ಸ್ಪೀಡ್ ವಾರ್ನಿಂಗ್ ಅಂಕಿ ಇಟ್ಟುಕೊಡುತ್ತೀರಾ? ಶನಿವಾರ ಅವನನ್ನೇ ಕಾರಿನ ಜೊತೆ ಕಳಿಸುತ್ತೇನೆ.

ಜೆ.ಸಿ. ರೋಡ್ ಅಂಗಡಿ

ಕಳಿಸಿ ಮೇಡಂ. ಹತ್ತೂವರೆ ಮೇಲೆ ಬರಲಿ, ಅದಕ್ಕೆ ಮೊದಲು ಪಾರ್ಕಿಂಗ್ ಸಿಗುವುದಿಲ್ಲ. ಅಂಕಿ ಇಡುವುದಕ್ಕೆ ದುಡ್ಡು ಬೇಡ. ಟಿಂಗ್ ಟಿಂಗ್ ಕಿತ್ತಾಕು ಅಂತ ಅವನು ಮೆಲ್ಲಗೆ ಕೇಳಿದರೆ ನಿಮಗೆ ಫೋನ್ ಮಾಡುತ್ತೇನೆ.